ಹಗಲು ಮುರಿದ ಕಾನೂನು, ರಾತ್ರಿ ಮುರಿದ ಕಾನೂನು

(ಮುಳಬಾಗಿಲು ತಾಲ್ಲೂಕಿನ ಹಳ್ಳಿಯೊಂದರ ರೈತರ ಸಭೆಯಲ್ಲಿ ಆಡಿದ ಮಾತು. ಓದುಗರಿಗಾಗಿ ಅಲ್ಲಲ್ಲಿ ತಿದ್ದಿ ಬರೆದದ್ದು.)



ರೈತ ಕಾನೂನಿಗೆ ಮರ್ಯಾದೆ ಕೊಡುವುದಿಲ್ಲ ಎಂಬ ದೂರು ಎಲ್ಲ ಕಡೆ ಕೇಳಿಬರುತ್ತಿದೆ. ತಾಲ್ಲೂಕು ಕಚೇರಿಯಲ್ಲಿ ಕೂತವರು ಹೇಳುತ್ತಾರೆ, ಪಟ್ಟಣದ ವಿದ್ಯಾವಂತರು ಹೇಳುತ್ತಾರೆ. "ಇವರಿಗೆ ಬೋರು ಕೊರೆಸಬೇಡಿ ಅಂದರೂ ಕೊರೆಸ್ತಾರೆ, ಕೆರೆಗೆ ಮೋಟಾರು ಇಡಬೇಡಿ ಅಂದರೂ ಇಡ್ತಾರೆ, ನೀಲಗಿರಿ ಹಾಕಬೇಡಿ ಅಂದರೂ ಹಾಕ್ತಾರೆ, ಸಾಲ ಕಟ್ಟಿ ಅಂದ್ರೆ ಊರ ಮುಂದೆ ಬೋರ್ಡು ನೆಡ್ತಾರೆ" ಅಂತ. ಈ ದೂರಿಗೆ ನಾವು ಉತ್ತರ ಕೊಡಬೇಕು. ಅದರಲ್ಲಿ ಅರ್ಧ ಸುಳ್ಳು, ಅರ್ಧ ನಿಜ. ಸುಳ್ಳಿನ ಭಾಗ ಹೇಳಿದಾಗ ನೀವು ಚಪ್ಪಾಳೆ ತಟ್ಟುತ್ತೀರಿ, ನನಗೆ ಗೊತ್ತು. ನಿಜದ ಭಾಗ ಹೇಳುವಾಗ ಎದ್ದು ಹೋಗಬೇಡಿ, ಇಷ್ಟೇ ನನ್ನ ಕೋರಿಕೆ.

ಮೊದಲು ಊರ ಮುಂದಿನ ಬೋರ್ಡಿನ ಮಾತು. ಸಾಲ ವಸೂಲಿಯವರು ಅನುಮತಿಯಿಲ್ಲದೆ ಊರೊಳಗೆ ಬರಕೂಡದು ಎಂದು ರಾಜ್ಯ ರೈತ ಸಂಘದವರು ಹಳ್ಳಿ ಹಳ್ಳಿಯಲ್ಲಿ ಬೋರ್ಡು ನೆಟ್ಟ ಕಾಲ 1980ರ ದಶಕ. ಬ್ಯಾಂಕಿನವರು ಜಪ್ತಿ ಮಾಡಿ ಒಯ್ದ ಪಾತ್ರೆ ಪಡಗ, ಎತ್ತು, ಪಂಪುಸೆಟ್ಟನ್ನು ಹೋಗಿ ವಾಪಸ್ಸು ತಂದರು. ಅದಕ್ಕೆ ಮರುಜಪ್ತಿ ಅಂತಲೇ ಹೆಸರಾಯಿತು. ಕದ್ದು ತಂದರೇ? ಇಲ್ಲ. ಹಾಡು ಹಗಲಿನಲ್ಲಿ, ಹಸಿರು ಶಾಲು ಹೊದ್ದು, ಹೆಸರು ಹೇಳಿ ತಂದರು. ಕೇಸು ಹಾಕಿದರೆ ಹಾಕಿಸಿಕೊಂಡರು, ಜೈಲಿಗೆ ಹಾಕಿದರೆ ಹೋದರು. ಇದನ್ನು ಕಾನೂನಿಗೆ ಅಗೌರವ ಅನ್ನುವವರು ನಮ್ಮ ಜಿಲ್ಲೆಯ ಚರಿತ್ರೆಯನ್ನು ಸ್ವಲ್ಪ ಓದಬೇಕು.

ವಿದುರಾಶ್ವತ್ಥ ಯಾವ ಜಿಲ್ಲೆ ಅಂತ ಈಗ ಮಕ್ಕಳನ್ನು ಕೇಳಿದರೆ ಚಿಕ್ಕಬಳ್ಳಾಪುರ ಅನ್ನುತ್ತಾರೆ. 2007ರಲ್ಲಿ ಜಿಲ್ಲೆ ಒಡೆಯುವವರೆಗೂ ಅದು ನಮ್ಮ ಕೋಲಾರ ಜಿಲ್ಲೆಯದೇ. 1938ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಕಾಂಗ್ರೆಸ್ಸಿನ ಬಾವುಟ ಹಾರಿಸಬಾರದು, ಸಭೆ ಸೇರಬಾರದು ಎಂದು ಆಜ್ಞೆ ಹೊರಡಿಸಿತ್ತು. ಅದೂ ಕಾನೂನೇ, ದಿವಾನರ ಸರ್ಕಾರ ಮಾಡಿದ ಕಾನೂನು. ಏಪ್ರಿಲ್ 25ರಂದು ಜನ ಆ ಅಶ್ವತ್ಥಮರದ ತೋಪಿನಲ್ಲಿ ಸೇರಿದರು, ಪೊಲೀಸರು ಗುಂಡು ಹಾರಿಸಿದರು. ಸತ್ತವರು ಮೂವತ್ತಕ್ಕೂ ಮೇಲೆ ಅಂತ ಜನರ ಲೆಕ್ಕ. ಸರ್ಕಾರದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. (ಸತ್ತವರ ಲೆಕ್ಕದಲ್ಲಿ ಸರ್ಕಾರಕ್ಕೂ ಜನಕ್ಕೂ ಯಾವತ್ತು ತಾಳೆ ಬಿದ್ದಿದೆ?) ಕಡೆಗೆ ಏನಾಯಿತು? ವೇಪಾ ರಾಮೇಶಂ ಅವರ ವಿಚಾರಣಾ ಸಮಿತಿ ಬಂತು, ದಿವಾನ್ ಮಿರ್ಜಾ ಇಸ್ಮಾಯಿಲ್ಲರೂ ಸರ್ದಾರ್ ಪಟೇಲರೂ ಕೂತು ಮಾತಾಡಿ, ಸಂಸ್ಥಾನದ ಬಾವುಟದ ಜೊತೆಗೆ ಆ ಬಾವುಟವನ್ನೂ ಹಾರಿಸಬಹುದು ಎಂದಾಯಿತು. ಏಪ್ರಿಲ್ಲಿನಲ್ಲಿ ಅಪರಾಧವಾಗಿದ್ದದ್ದು ಕೆಲವೇ ದಿನಗಳಲ್ಲಿ ಹಕ್ಕಾಯಿತು.

ಆಮೇಲೆ 1980ರ ಜುಲೈ 21. ನರಗುಂದ, ನವಲಗುಂದ. ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ಹೊಲಕ್ಕೆ ಬರುವ ಮೊದಲೇ ಅಭಿವೃದ್ಧಿ ಕರ ಕಟ್ಟಿ ಅಂದರು. ರೈತ ಕಟ್ಟಲ್ಲ ಅಂದ. ಗುಂಡು ಹಾರಿತು. ರೈತರೂ ಸತ್ತರು, ಪೊಲೀಸಿನವರೂ ಸತ್ತರು. ಆ ಎರಡನೆಯದನ್ನು ನಮ್ಮ ಭಾಷಣಗಳಲ್ಲಿ ನುಂಗಿಬಿಡುತ್ತೇವೆ, ನುಂಗಬಾರದು. ಆ ಪೇದೆಯೂ ಯಾರೋ ರೈತನ ಮಗನೇ ಇದ್ದಾನು. ಆ ಕಿಚ್ಚಿನಿಂದಲೇ ರೈತ ಸಂಘ ಹುಟ್ಟಿತು. ಇನ್ನು 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಮಾಡಿದ ಮೂರು ಕೃಷಿ ಕಾಯ್ದೆಗಳು ನಿಮ್ಮ ಕಣ್ಣೆದುರಿನ ಸಂಗತಿ. ದಿಲ್ಲಿಯ ಗಡಿಯಲ್ಲಿ ಚಳಿ, ಮಳೆ, ಬಿಸಿಲು ಎನ್ನದೆ ವರ್ಷಕ್ಕೂ ಮೇಲೆ ಕೂತರು. 2021ರ ನವೆಂಬರಿನಲ್ಲಿ ಸಂಸತ್ತೇ ಆ ಕಾಯ್ದೆಗಳನ್ನು ವಾಪಸ್ಸು ತಗೊಂಡಿತು.

ಇಷ್ಟು ಹೊತ್ತು ಚಪ್ಪಾಳೆ ತಟ್ಟಿದಿರಿ, ಸಂತೋಷ. ಈಗ ಬೋರಿನ ವಿಷಯಕ್ಕೆ ಬರೋಣ.

ಕರ್ನಾಟಕದಲ್ಲಿ ಅಂತರ್ಜಲದ ಕಾನೂನು 2011ರಿಂದ ಇದೆ. ಅದಕ್ಕೂ ಮೊದಲು 1999ರಲ್ಲಿ ಇನ್ನೊಂದು ಕಾನೂನು ಬಂದಿತ್ತು: ಊರಿನ ಕುಡಿಯುವ ನೀರಿನ ಬಾವಿಯಿಂದ 500 ಮೀಟರಿನೊಳಗೆ ಅನುಮತಿಯಿಲ್ಲದೆ ಬೇರೆ ಬಾವಿ ತೋಡಬಾರದು ಅಂತ. 2011ರ ಕಾನೂನಿನ ಪ್ರಕಾರ ನೀರು ಅತಿಯಾಗಿ ಬಳಕೆಯಾದ ತಾಲ್ಲೂಕುಗಳನ್ನು ಅಧಿಸೂಚಿತ ಪ್ರದೇಶ ಅಂತ ಮಾಡಿದ್ದಾರೆ. ಅಲ್ಲಿ ಹೊಸ ಬೋರಿಗೆ ಅನುಮತಿ ಬೇಕು, ಇರುವ ಬೋರನ್ನು ನೋಂದಾಯಿಸಬೇಕು, ಕೊರೆಯುವ ಲಾರಿಯವನೂ ನೋಂದಾಯಿಸಿಕೊಂಡಿರಬೇಕು. ಕೋಲಾರ, ಮಾಲೂರು, ಬಂಗಾರಪೇಟೆ, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲವೂ ಆ ಪಟ್ಟಿಗೆ ಸೇರಿದವೇ. ಮಳೆಯಿಂದ ಭೂಮಿಗೆ ಇಳಿಯುವ ನೀರಿಗಿಂತ ನಾವು ಎತ್ತುವ ನೀರು ಹೆಚ್ಚು. ಇದನ್ನು ತಿಳಿಯೋದಕ್ಕೆ ಭೂವಿಜ್ಞಾನಿ ಬೇಕಿಲ್ಲ, ನಿಮ್ಮ ಮೋಟಾರೇ ಹೇಳುತ್ತೆ.

ಈ ಕಾನೂನು ನಮ್ಮಲ್ಲಿ ಯಾರಿಗೂ ಬೇಡ. ನಾನು ಒಪ್ಪುತ್ತೇನೆ. ನನ್ನ ಹೊಲ, ನನ್ನ ದುಡ್ಡು, ನೀನ್ಯಾರು ಕೇಳೋಕೆ ಅನ್ನುವುದು ಸಹಜ. ಆದರೆ ನಾವು ಇದನ್ನು ವಿರೋಧಿಸಿದ್ದು ಹೇಗೆ? ಜಿಲ್ಲಾಧಿಕಾರಿಗಳ ಕಚೇರಿ ಮುಂದೆ ಧರಣಿ ಕೂತೆವೆ? "ಈ ಕಾನೂನು ತಪ್ಪು, ನಾವು ಮುರೀತೀವಿ, ಕೇಸು ಹಾಕಿ" ಅಂದೆವೆ? ಇಲ್ಲ ಸ್ವಾಮಿ. ತಿರುಚೆಂಗೋಡಿನ ಲಾರಿ ರಾತ್ರಿ ಹತ್ತು ಗಂಟೆ ಮೇಲೆ ಊರಿಗೆ ಬರುತ್ತೆ. ಏಜೆಂಟು ಮುಂದೆ ಬೈಕಿನಲ್ಲಿ ದಾರಿ ತೋರಿಸುತ್ತಾನೆ. ತೆಂಗಿನಕಾಯಿ ಹಿಡಿದು ಪಾಯಿಂಟು ನೋಡುವವನು ಸಾಯಂಕಾಲವೇ ಕಲ್ಲಿಟ್ಟು ಹೋಗಿರುತ್ತಾನೆ. ಬೆಳಗಾಗುವಷ್ಟರಲ್ಲಿ ಲಾರಿ ಗಡಿ ದಾಟಿರುತ್ತೆ, ಹೊಲದಲ್ಲಿ ಬಿಳಿ ಪುಡಿಯ ಗುಡ್ಡೆ ಬಿದ್ದಿರುತ್ತೆ. ಕಚೇರಿಯವರಿಗೆ ಗೊತ್ತಿಲ್ಲವೇ? ಗೊತ್ತು. ಗೊತ್ತಿಲ್ಲದ ಹಾಗೆ ಇರೋದಕ್ಕೆ ಏನು ಬೇಕೋ ಅದು ಕೆಲವರಿಗೆ ಸಲ್ಲುತ್ತೆ.

ಇದು ಮರುಜಪ್ತಿಯಲ್ಲ. ಇದು ವಿದುರಾಶ್ವತ್ಥವಲ್ಲ. ಅವರು ಕಾನೂನು ಮುರಿದದ್ದು ಆ ಕಾನೂನು ಎಲ್ಲರಿಗೂ ಹೋಗಲಿ ಅಂತ. ನಾವು ರಾತ್ರಿ ಮುರಿಯೋದು ಕಾನೂನು ಪಕ್ಕದವನಿಗೆ ಇರಲಿ, ನನಗೆ ಬೇಡ ಅಂತ. ಹಸಿರು ಶಾಲನ್ನು ಆ ರಾತ್ರಿಯ ಕೆಲಸಕ್ಕೆ ಹೊದಿಸಬೇಡಿ ಅಂತ ನಾನು ಕೈಮುಗಿದು ಕೇಳುತ್ತೇನೆ.

ಇದು ಸಾಲದ ಪತ್ರಿಕೆ, ನೀರಿನ ಮಾತು ಯಾಕೆ ಅಂತೀರಾ? ನಮ್ಮ ಸಾಲದ ಬೇರು ಎಲ್ಲಿದೆ ಅಂತ ಸ್ವಲ್ಪ ಅಗೆದು ನೋಡಿ. ನಮ್ಮ ಅಪ್ಪನ ಕಾಲದಲ್ಲಿ ಕಪಿಲೆ ಬಾವಿಯಲ್ಲಿ ಮೂವತ್ತು ನಲವತ್ತು ಅಡಿಗೆ ನೀರು. ನಮ್ಮದು ಗಟ್ಟಿ ಕಲ್ಲಿನ ನೆಲ. ಮೇಲಿನ ಮಣ್ಣು, ಶಿಥಿಲವಾದ ಕಲ್ಲು, ಇಷ್ಟರಲ್ಲೇ ನೀರು ನಿಲ್ಲೋದು. ಅದರ ಕೆಳಗೆ ಬಂಡೆಯ ಬಿರುಕಿನಲ್ಲಿ ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆ. ಇವತ್ತು 1,200 ಅಡಿ, 1,500 ಅಡಿ, ಅದಕ್ಕೂ ಮೇಲೆ ಹೋಗುತ್ತಿದ್ದೇವೆ. ಲಾರಿಯವನ ದರ ಅಡಿಗೆ ಒಂದೇ ಅಲ್ಲ, ಕೆಳಗೆ ಹೋದಂತೆ ದರ ಏರುತ್ತೆ. ಅಂದರೆ ನೀರು ಸಿಗುವ ಆಸೆ ಕಡಿಮೆಯಾದಂತೆ ಅಡಿಯ ಬೆಲೆ ಜಾಸ್ತಿ. ಯಾವ ಬ್ಯಾಂಕೂ ಒಣ ಬೋರಿಗೆ ಸಾಲ ಕೊಡಲ್ಲ. ಆ ದುಡ್ಡು ಬರೋದು ಹೆಂಡತಿಯ ಕೊರಳಿನಿಂದ, ಮಂಡಿಯವನ ಗಲ್ಲದಿಂದ, ತಿಂಗಳ ಬಡ್ಡಿಯವನ ಜೇಬಿನಿಂದ. ಒಬ್ಬ ಕೊರೆಸಿದ, ಪಕ್ಕದವನದು ಬತ್ತಿತು, ಅವನೂ ಸಾಲ ಮಾಡಿ ಇನ್ನೂ ನೂರಡಿ ಕೆಳಗೆ ಹೋದ, ಇವನದು ಬತ್ತಿತು. ಇಬ್ಬರ ಮನೆಯ ದುಡ್ಡೂ ಲಾರಿಯವನ ಕೈಸೇರಿತು. ಸಿಕ್ಕ ನೀರಿನಲ್ಲೂ ಫ್ಲೋರೈಡು. ಮಕ್ಕಳ ಹಲ್ಲು ನೋಡಿದರೆ ಸಾಕು.

ಹಾಗಾದರೆ ನಮ್ಮ ಹಿರಿಯರು ನೀರಿಗೆ ಕಾನೂನೇ ಇಲ್ಲದೆ ಬದುಕಿದ್ದರೇ? ಕೆರೆಗಳ ಜಿಲ್ಲೆ ನಮ್ಮದು. ಕೆರೆಗೆ ನೀರಗಂಟಿ ಇದ್ದ. ತೂಬು ಎತ್ತುವವನು ಅವನು, ಇಳಿಸುವವನು ಅವನು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಅವನು ಹೇಳಿದ್ದೇ ಹೇಳಿದ್ದು. ಗೌಡನ ಗದ್ದೆಯಾದರೂ ಸರದಿ ಬರುವವರೆಗೆ ಕಾಯಬೇಕು. ಮಳೆ ಕಡಿಮೆಯಾದ ವರ್ಷ ಇಡೀ ಅಚ್ಚುಕಟ್ಟಿಗೆ ನೀರು ಸಾಲದು ಅಂದರೆ, ತೂಬಿನ ಹತ್ತಿರದ ಸ್ವಲ್ಪ ಗದ್ದೆಯನ್ನೇ ಎಲ್ಲರೂ ಪಾಲು ಹಾಕಿಕೊಂಡು ಬೆಳೆಯುವ ಪದ್ಧತಿ ಕೆಲವು ಊರುಗಳಲ್ಲಿತ್ತು. ತನ್ನ ಗದ್ದೆಯಲ್ಲಿ ಬೇರೆಯವನು ನಾಟಿ ಹಾಕೋದನ್ನ ನೋಡೋದು ಯಾರಿಗೆ ಇಷ್ಟ? ಇಷ್ಟವಿಲ್ಲದಿದ್ದರೂ ನಡೆಯುತ್ತಿತ್ತು. ಯಾಕೆ ನಡೆಯುತ್ತಿತ್ತು? ಕೆರೆಯ ನೀರು ಎಲ್ಲರ ಕಣ್ಣಿಗೂ ಕಾಣುತ್ತಿತ್ತು, ದೊಡ್ಡವನಿಗೂ ಚಿಕ್ಕವನಿಗೂ ಒಂದೇ ಅಳತೆ ಅನ್ನೋದು ಕಾಣುತ್ತಿತ್ತು.

ಆದರೆ ಆ ಕಾಲವನ್ನು ಚಿನ್ನದ ಕಾಲ ಅಂತ ನಾನು ಹೇಳಲಾರೆ. ನೀರಗಂಟಿ ಬಹುಪಾಲು ಊರಾಚೆಯ ಕೇರಿಯವನು. ಎಲ್ಲರ ಗದ್ದೆಗೂ ನೀರು ಹಾಯಿಸಿದವನಿಗೆ ಸುಗ್ಗಿಯಲ್ಲಿ ನಾಲ್ಕು ಕೊಳಗ ಧಾನ್ಯ, ಊರಿನ ಬಾವಿಯ ನೀರು ಮಾತ್ರ ಇಲ್ಲ. ಅವನ ಮೊಮ್ಮಗ ಇವತ್ತು "ನಾನ್ಯಾಕೆ ನಿಮ್ಮ ತೂಬು ಕಾಯಲಿ" ಅಂದರೆ ಅದು ನ್ಯಾಯ.

ಅಳತೆಯ ಮಾತು ಬಂತು. ಈಗ ಅಧಿಕಾರಿಗಳಿಗೆ ನನ್ನ ಪ್ರಶ್ನೆ. ಕಾನೂನಿಗೆ ಗೌರವ ಕೊಡಿ ಅಂತೀರಲ್ಲ, ರೈತನ ಪರವಾಗಿರುವ ಕಾನೂನಿಗೆ ನೀವು ಎಷ್ಟು ಗೌರವ ಕೊಟ್ಟಿದ್ದೀರಿ?

1908ರಿಂದ ಇರುವ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಓದಿ. ಸಾಲದ ಡಿಕ್ರಿಯಲ್ಲಿ ರೈತನ ಬೇಸಾಯದ ಸಲಕರಣೆ, ಜೀವನಕ್ಕೆ ಬೇಕು ಅಂತ ಕೋರ್ಟಿಗೆ ತೋರಿದಷ್ಟು ದನ, ಬಿತ್ತನೆಯ ಕಾಳು, ಇವುಗಳನ್ನು ಜಪ್ತಿ ಮಾಡುವ ಹಾಗಿಲ್ಲ. ಬ್ರಿಟಿಷರು ಬರೆದ ಕಾನೂನು ಇದು! (ಸಾಲಕ್ಕೆ ಅಡವು ಬರೆದುಕೊಟ್ಟ ಟ್ರಾಕ್ಟರಿನ ಮಾತು ಬೇರೆ, ಅದನ್ನು ಇದರಲ್ಲಿ ಸೇರಿಸಿ ಮೋಸ ಹೋಗಬೇಡಿ.) ಬ್ಯಾಂಕುಗಳು ಕೋರ್ಟಿಗೆ ಹೋಗದೆ ಆಸ್ತಿ ವಶಪಡಿಸಿಕೊಳ್ಳಲು 2002ರಲ್ಲಿ ಸರ್ಫೇಸಿ ಕಾಯ್ದೆ ಬಂತು, ಅದರ 31ನೇ ಕಲಮು ಕೃಷಿ ಭೂಮಿಯನ್ನು ಅದರಿಂದ ಹೊರಗಿಟ್ಟಿದೆ. ಸಾಲ ವಸೂಲಿಗೆ ಗೂಂಡಾಗಳನ್ನು ಬಿಡಬಾರದು ಅಂತ 2007ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಕಿರುಸಾಲದ ಸುಗ್ರೀವಾಜ್ಞೆ ತಂತು: ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಮನೆಬಾಗಿಲಿಗೆ ಬಂದು ಹೆಂಗಸರನ್ನು ಬೈದು ಹೋಗುವವನ ಮೇಲೆ ದೂರು ಕೊಡಲು ಠಾಣೆಗೆ ಹೋಗಿ ನೋಡಿ. "ಸಾಲ ತಗೊಂಡಿದ್ದೀಯಲ್ಲಮ್ಮ, ಕಟ್ಟು" ಅನ್ನುವ ಉಪದೇಶ ಮೊದಲು ಸಿಗುತ್ತೆ, ಕಾಗದ ಆಮೇಲೆ.

ಟೊಮೆಟೊ ಹಾಕುವವರು ಕೈ ಎತ್ತಿ. ಕಮಿಷನ್ನು ಕೊಳ್ಳುವವನಿಂದ ತಗೋಬೇಕು, ಬೆಳೆದವನಿಂದ ಮುರಿದುಕೊಳ್ಳಬಾರದು ಅಂತ ಮಾರುಕಟ್ಟೆ ಕಾನೂನು. ನಿಮ್ಮ ಚೀಟಿಯಲ್ಲಿ ಏನಿದೆ? ನನಗಿಂತ ನಿಮಗೇ ಗೊತ್ತು. ಬೀಜದಿಂದ ಹಿಡಿದು ಕಡ್ಡಿ, ದಾರ, ಔಷಧಿಯವರೆಗೆ ಅದೇ ಮಂಡಿಯವನ ಹತ್ತಿರ ಮುಂಗಡ ತಂದಿರುವಾಗ ಬಾಯಿ ಬಿಡೋದು ಹೇಗೆ? ಅಲ್ಲಿ ಒಂದು ಜೀಪು ಬಂದು ನಿಂತದ್ದನ್ನು ನಾನು ಕಂಡಿಲ್ಲ.

ಜಾರಿಗೆ ತರದ ಕಾನೂನು ಹೇಗೆ ಸಾಯುತ್ತೆ ಅಂತ ಒಂದು ಉದಾಹರಣೆ ಕೇಳಿ. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ಭೂಸುಧಾರಣೆಯ ದೊಡ್ಡ ತಿದ್ದುಪಡಿ ಬಂತು. ಅದಕ್ಕೆ ಎರಡು ಕೈ. ಒಂದು ಕೈ ಗೇಣಿದಾರನಿಗೆ ಭೂಮಿ ಕೊಟ್ಟಿತು. ಫಾರಂ ನಂಬರ್ 7 ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತವರ ಮಕ್ಕಳು ಈ ಸಭೆಯಲ್ಲೂ ಇರಬಹುದು. ಕರಾವಳಿಯಷ್ಟು ಗೇಣಿ ನಮ್ಮಲ್ಲಿ ಇರಲಿಲ್ಲ, ಆದರೂ ಇತ್ತು. ಭೂಮಾಲೀಕರಿಗೆ ಅದಕ್ಕಿಂತ ಬೇಡವಾದ ಕಾನೂನು ಇನ್ನೊಂದಿರಲಿಲ್ಲ. ಆದರೂ ಜಾರಿಯಾಯಿತು. ಮೇಲಿನಿಂದ ಮನಸ್ಸಿತ್ತು, ಮೊದಮೊದಲು ವಕೀಲರಿಗೂ ಆ ಮಂಡಳಿಯೊಳಗೆ ಪ್ರವೇಶವಿರಲಿಲ್ಲ. ಇನ್ನೊಂದು ಕೈ 79ಎ ಮತ್ತು 79ಬಿ ಕಲಮುಗಳು: ಬೇಸಾಯಗಾರನಲ್ಲದವನು, ಹೊರಗಿನ ದೊಡ್ಡ ಆದಾಯದವನು, ಕೃಷಿ ಭೂಮಿ ಕೊಳ್ಳಬಾರದು ಅಂತ. ಈ ಕೈಗೆ ಮಾತ್ರ ಲಕ್ವ ಹೊಡೆಯಿತು. ಮಾಲೂರು, ನರಸಾಪುರ, ವೇಮಗಲ್ ಕಡೆ ಬೆಂಗಳೂರಿನವರು ಹೆಂಗೆ ಹೊಲ ಕೊಂಡರು ಅಂತ ನೋಡಿದ್ದೀರಿ. ಕಡೆಗೆ 2020ರಲ್ಲಿ, ಈ ಕಲಮುಗಳಿಂದ ಲಂಚಕ್ಕೆ ದಾರಿಯಾಯಿತೇ ಹೊರತು ಬೇರೇನೂ ಆಗಲಿಲ್ಲ ಅಂತ ಹೇಳಿ ಸರ್ಕಾರ ತೆಗೆದುಹಾಕಿತು. ಕಾವಲಿನವನು ಬಾಗಿಲು ಹಾಕಲಿಲ್ಲ ಅಂತ ಬಾಗಿಲನ್ನೇ ಕಿತ್ತ ಹಾಗೆ!

ಇನ್ನು ಶ್ರೀನಿವಾಸಪುರ. 2023ರಲ್ಲಿ ಅರಣ್ಯ ಇಲಾಖೆ ಜೆಸಿಬಿ ತಂದು ಒತ್ತುವರಿ ಅಂತ ಮಾವಿನ ಮರಗಳನ್ನು ಬುಡಸಮೇತ ತೆಗೆಸಿತು. ಅರಣ್ಯ ಉಳಿಯಬಾರದು ಅಂತ ನಾನು ಹೇಳುವುದಿಲ್ಲ, ಈ ಬರದ ನಾಡಿನಲ್ಲಿ ಹಾಗೆ ಹೇಳಿದರೆ ನಾಲಿಗೆ ಬಿದ್ದುಹೋದೀತು. ಆದರೆ ಹಲವರ ಕೈಯಲ್ಲಿ ಕಂದಾಯ ಇಲಾಖೆ ಕೊಟ್ಟ ಕಾಗದ ಇತ್ತು. ಒಂದು ಇಲಾಖೆ ಸಾಗುವಳಿ ಚೀಟಿ ಕೊಡುತ್ತೆ, ಇನ್ನೊಂದು ಇಲಾಖೆ ಇದು ಕಾಡು ಅನ್ನುತ್ತೆ. ಎರಡೂ ಒಂದೇ ಸರ್ಕಾರ. ಮಾವಿನ ಮರ ಬೆಳೆಯೋಕೆ ಎಷ್ಟು ವರ್ಷ ಬೇಕು ಅಂತ ಶ್ರೀನಿವಾಸಪುರದವರಿಗೆ ಹೇಳಬೇಕಾಗಿಲ್ಲ. ಎರಡು ಇಲಾಖೆಯವರು ಮೊದಲು ಜಂಟಿಯಾಗಿ ಅಳತೆ ಮಾಡಿ ಗಡಿಕಲ್ಲು ನೆಟ್ಟು, ದೊಡ್ಡ ಒತ್ತುವರಿಯಿಂದ ಶುರುಮಾಡಿದ್ದರೆ ಜನ ಹೊಟ್ಟೆಯುರಿದರೂ ತಲೆಬಾಗುತ್ತಿದ್ದರು. ನೀಲಗಿರಿಯದೂ ಇದೇ ಕಥೆ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಅಂತ ಸಸಿ ಕೊಟ್ಟು ರಾಗಿ ಹೊಲದಲ್ಲಿ ನೆಡಿಸಿದ್ದು ಸರ್ಕಾರ, 2017ರಲ್ಲಿ ನೆಡಬಾರದು ಅಂದದ್ದೂ ಸರ್ಕಾರ. ಎರಡನೆಯ ಮಾತು ಸರಿ. ಆದರೆ ಮೊದಲನೆಯ ಮಾತು ತಪ್ಪಾಗಿತ್ತು ಅಂತ ಒಬ್ಬ ಅಧಿಕಾರಿಯೂ ಹೇಳಲಿಲ್ಲ.

ಹಾಗಾದರೆ ಅವರು ನಮ್ಮ ಪರವಾದ ಕಾನೂನು ನಡೆಸಲ್ಲ, ನಾವ್ಯಾಕೆ ಅಂತರ್ಜಲದ ಕಾನೂನು ಪಾಲಿಸಬೇಕು ಅಂತ ಕೇಳುತ್ತೀರಿ. ಸರಿಯಾದ ಪ್ರಶ್ನೆ. ಅವರಿಗೋಸ್ಕರ ಪಾಲಿಸಿ ಅಂತ ನಾನು ಹೇಳುತ್ತಿಲ್ಲ. ಅಭಿವೃದ್ಧಿ ಕರ ಕಟ್ಟದಿದ್ದರೆ ನಷ್ಟ ಸರ್ಕಾರಕ್ಕೆ. ಬೋರಿನ ಕಾನೂನು ಮುರಿದರೆ ನಷ್ಟ ಯಾರಿಗೆ? ಪಕ್ಕದ ಹೊಲದವನಿಗೆ, ನಾಳೆ ನಮಗೇ. ಕೆ.ಸಿ. ವ್ಯಾಲಿಯದೂ ಹಾಗೆಯೇ. 2018ರಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧಮಾಡಿ ನಮ್ಮ ಕೆರೆಗೆ ಬಿಟ್ಟರು, ದಿನಕ್ಕೆ 44 ಕೋಟಿ ಲೀಟರಿನ ಯೋಜನೆ. ಮೂರನೇ ಹಂತವೂ ಆಗಬೇಕು ಅಂತ ಹಗಲಿನಲ್ಲಿ ಕೂಗಿದೆವು, ಅದು ಸರಿ. ಆದರೆ ಆ ನೀರು ಇರುವುದು ಭೂಮಿಗೆ ಇಂಗಿ ಸುತ್ತಲ ಬಾವಿಗಳಿಗೆ ಬರಲಿ ಅಂತ. ಮೇಲಿನ ಊರಿನವನು ಕಾಲುವೆಗೆ ಮೋಟಾರು ಇಟ್ಟರೆ ಕೆಳಗಿನ ಕೆರೆಗೆ ಹೋಗುವುದೇನು?

ಸಭೆ ಮುಗಿಯುವಾಗ ಒಬ್ಬ ಹುಡುಗ ಎದ್ದು ಕೇಳಿದ, "ಅಣ್ಣಾ, ನಮ್ಮೂರು ನಿಲ್ಲಿಸಿದರೆ ಪಕ್ಕದೂರಿನವರು ಕೊರೆಸ್ತಾರೆ. ನಾವು ಸುಮ್ನೆ ನೋಡ್ತಾ ಕೂರಬೇಕಾ?" ಅಂತ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಒಂದೂರು ಮಾತ್ರ ಮಾಡಿದರೆ ಆಗುವುದಿಲ್ಲ. ನಮ್ಮ ಕೆರೆಗಳು ಸರಪಳಿಯ ಹಾಗೆ, ಒಂದರ ಕೋಡಿ ಇನ್ನೊಂದಕ್ಕೆ. ಆ ಸರಪಳಿಯ ಊರುಗಳವರು ಒಟ್ಟಿಗೆ ಕೂರಿ. ಇರುವ ಬೋರುಗಳನ್ನು, ಒಣಗಿದವನ್ನೂ ಸೇರಿಸಿ, ಆಳ ಎಷ್ಟು, ಯಾವ ವರ್ಷ ಕೊರೆಸಿದ್ದು ಅಂತ ಒಂದು ಪುಸ್ತಕದಲ್ಲಿ ಬರೆಯಿರಿ. ಪಟ್ಟಿ ದೊಡ್ಡ ಹಿಡುವಳಿಯವನಿಂದ ಶುರುವಾಗಲಿ. ಒಂದೂ ಬೋರಿಲ್ಲದ ಸಣ್ಣ ರೈತನಿಗೆ ಮೊದಲ ಅನುಮತಿ, ನಾಲ್ಕು ಇರುವವನಿಗೆ ಐದನೆಯದು ಇಲ್ಲ, ರಾತ್ರಿ ಲಾರಿ ಊರೊಳಗೆ ಬರಕೂಡದು, ಇಷ್ಟನ್ನು ಗ್ರಾಮಸಭೆಯಲ್ಲಿ ಠರಾವು ಮಾಡಿ. ಜಪ್ತಿಯವನಿಗೆ ನೆಟ್ಟ ಬೋರ್ಡನ್ನೇ ಲಾರಿಯವನಿಗೂ ನೆಡಿ.

ಅದೇ ಗ್ರಾಮಸಭೆಯಲ್ಲಿ ಎರಡನೇ ಠರಾವು: ಮಂಡಿಯ ಕಡಿತದ ಚೀಟಿಗಳನ್ನು ಲಗತ್ತಿಸಿ ಮಾರುಕಟ್ಟೆ ಸಮಿತಿಗೆ ದೂರು, ಮನೆಬಾಗಿಲಿನ ವಸೂಲಿಯ ಮೇಲೆ ಠಾಣೆಗೆ ದೂರು. ಅನ್ಯಾಯವಾದ ದಿನ, ಹೊತ್ತು, ಆಡಿದ ಮಾತು ಎಲ್ಲವನ್ನೂ ಬರೆಯಿರಿ. ಚೀಟಿಯ ನಕಲು ಕೊಡಿ, ಅಸಲು ಇಟ್ಟುಕೊಳ್ಳಿ. ಬೋರಿನ ಪಟ್ಟಿ ಮತ್ತು ಮೊದಲ ಠರಾವಿನ ಪ್ರತಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಅಂತರ್ಜಲ ಸಮಿತಿಗೆ ಹೋಗಲಿ. ಐದಾರು ಜನ ಒಟ್ಟಿಗೆ ಹೋಗಿ, ಕಚೇರಿಯ ಸಮಯದಲ್ಲೇ ಹೋಗಿ. ಮೊಹರು ಹಾಕಿ ಸಹಿ ಮಾಡಿದ ಸ್ವೀಕೃತಿ ಕೈಗೆ ಬರುವವರೆಗೆ ಮೆಟ್ಟಿಲು ಇಳಿಯಬೇಡಿ.